ನಾನು ಅಳಿಸಿದ ದನಿ

"ಇದರಾಗ ನನ್ನ ದನಿ ಎಲ್ಲಿ ಹೋಯ್ತರಿ ಸರ?"

ಹೆಡ್‌ಫೋನ್ ತೆಗೆದು ನೀಲಮ್ಮ ಹಾಗೆ ಕೇಳಿದಾಗ ನನಗೆ ಅರ್ಥವೇ ಆಗಲಿಲ್ಲ. ಕಮಲಾಪುರದ ಅವರ ಅಂಗಳದಲ್ಲಿ, ಕೆಂಪು ಬಾಳೆಗೊನೆಗಳ ನಡುವೆ ಕೂತಿದ್ದೆವು. ನಾನು ಕೇಳಿಸಿದ್ದು ತೀರಿಹೋದ ಅವರ ಗಂಡ ಹಾಡಿದ ತತ್ವಪದ.

ಕಲಬುರಗಿಯ ಗ್ರಂಥಾಲಯವೊಂದರಲ್ಲಿ ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವುದು ನನ್ನ ಕೆಲಸ. ಅಂಗಡಿಗಳಲ್ಲಿ ಸಿಗುತ್ತಿದ್ದ ನೀಲಮ್ಮನ ಗಂಡನ ಕ್ಯಾಸೆಟ್‌ಗಳಲ್ಲಿ ತಬಲಾ, ಕೀಬೋರ್ಡ್‌ಗಳದೇ ಅಬ್ಬರ. ಗ್ರಂಥಾಲಯಕ್ಕೆ ಬಂದಿದ್ದ ಈ ಟೇಪಿನಲ್ಲಿ ಮಾತ್ರ ಏಕತಾರಿ ಮತ್ತು ಅವರ ಬರಿಯ ಕಂಠವಿತ್ತು. ಪ್ರತಿ ಸಾಲಿಗೂ ಮೊದಲು ಯಾರೋ ಹೆಂಗಸು ಪಿಸುಗುಟ್ಟುವುದು ಕೇಳುತ್ತಿತ್ತು. ಅಕ್ಕಪಕ್ಕದವರ ಗದ್ದಲವೆಂದು ಎರಡು ದಿನ ಕೂತು ಒಂದೊಂದನ್ನೂ ಹುಡುಕಿ ಅಳಿಸಿದ್ದೆ. ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ ಕೂಡ.

"ಅವರಿಗಿ ಸಾಲು ನೆನಪ ಇರ್ತಿದ್ದಿಲ್ರಿ. ನಾ ಹೇಳಿಕೊಡ್ತಿದ್ದೆ, ಅವರು ಹಾಡ್ತಿದ್ರು. ಕ್ಯಾಸೆಟ್‌ನವರು ತಬಲಾ ಹಾಕಿ ಮುಚ್ಚಿದ್ರು, ನೀವು ಅಳಿಸಿದ್ರಿ. ಹೋಗ್ಲಿ ಬಿಡ್ರಿ," ಎಂದು ಅವರು ಮತ್ತೆ ಹಣ್ಣು ಆರಿಸತೊಡಗಿದರು.

ಬೂಷ್ಟು ಹಿಡಿದಿದ್ದ ಮೂಲ ಟೇಪು ಒಂದೇ ಸಲ ಓಡಿ ತುಂಡುತುಂಡಾಗಿತ್ತು. ಅಳಿಸುವ ಮುನ್ನ ಇನ್ನೊಂದು ಪ್ರತಿ ಇಟ್ಟುಕೊಳ್ಳುವಷ್ಟು ಬುದ್ಧಿ ನನಗಿರಲಿಲ್ಲ.

ಈಗ ಗ್ರಂಥಾಲಯದಲ್ಲಿ ನಾನು ಇಳಿಸಿದ ಆ ಹಾಡನ್ನು ಕೇಳಿದವರೆಲ್ಲ ನನ್ನನ್ನು ಹೊಗಳುತ್ತಾರೆ. ಪ್ರತಿ ಸಾಲಿಗೂ ಮೊದಲು ಗಾಯಕರು ಧ್ಯಾನದಲ್ಲಿದ್ದಂತೆ ಸುಮ್ಮನಾಗುವುದು ಎಷ್ಟು ಚೆನ್ನ ಎನ್ನುತ್ತಾರೆ. ಅದು ಧ್ಯಾನವಲ್ಲ, ಅವರು ಹೆಂಡತಿಯ ಮಾತು ಕೇಳಿಸಿಕೊಳ್ಳುತ್ತಿದ್ದರು.