ಗಡ್ಡೆ ಆಡದ ಮಾತು

ನನ್ನ ಗಂಡನ ಅಕ್ಕ ನನ್ನನ್ನು ಕ್ಷಮಿಸಿದ್ದು ಮಣಿಪಾಲದ ಆಸ್ಪತ್ರೆಯ ವಾರ್ಡಿನಲ್ಲಿ, ನನ್ನ ತಲೆಯ ಹೊಲಿಗೆ ಬಿಚ್ಚುವ ಮೊದಲೇ. ನಾನು ಕ್ಷಮೆ ಕೇಳಿರಲಿಲ್ಲ. ಈಗಲೂ ಕೇಳುವವಳಲ್ಲ.

ಎಲ್ಲ ಶುರುವಾದದ್ದು ಒಂದು ಭಾನುವಾರದ ಊಟದಿಂದ. ಅತ್ತಿಗೆಯ ಮನೆ ಕಾರ್ಕಳದಲ್ಲಿ. ಅವರ ಮಗಳನ್ನು ನೋಡಲು ಉಡುಪಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಅವರನ್ನು ಅಷ್ಟು ದೂರ ಓಡಾಡಿಸುವುದು ಯಾಕೆ, ಕಾಪುವಿನಲ್ಲಿ ತಮ್ಮನ ಮನೆ ಇದೆಯಲ್ಲ ಎಂದು ಅತ್ತಿಗೆ ತಾವೇ ತೀರ್ಮಾನಿಸಿದರು. ತಮ್ಮನ ಮನೆ ಎಂದರೆ ನನ್ನ ಅಡುಗೆಮನೆ. ನಾನು ಮದುವೆಯಾಗಿ ಬಂದಾಗಿನಿಂದ ಅವರ ಬಾಣಂತನಕ್ಕೆ, ಅವರ ಮಕ್ಕಳ ಬರ್ತ್‌ಡೇಗೆ, ಅವರ ನೆಂಟರಿಷ್ಟರಿಗೆ ಬೇಯಿಸಿ ಹಾಕಿದ್ದು ನಾನೇ. ವಾರವಿಡೀ ಶಾಲೆಯಲ್ಲಿ ಗಣಿತ ಕಲಿಸಿ ಬರುವ ನನಗೆ ಭಾನುವಾರವೆಂಬುದು ಕ್ಯಾಲೆಂಡರಿನಲ್ಲಿ ಮಾತ್ರ ಇತ್ತು.

ಹಿಂದಿನ ದಿನ ಗಂಡ ಮಲ್ಪೆಯಿಂದ ಬಂಗುಡೆ ಮೀನು ತಂದಿಟ್ಟಿದ್ದರು. ರಾತ್ರಿಯಿಡೀ ಕರೆಂಟು ಇರಲಿಲ್ಲ. ಬೆಳಿಗ್ಗೆ ಅವರು ನೆಂಟರನ್ನು ಕರೆತರಲು ಹೋದರು, ನಾನು ಮಸಾಲೆ ಅರೆದು ಸಾರು ಮಾಡಿದೆ. ಮಲ್ಲಿಗೆ ಮುಡಿದು ಹಾಲ್‌ನಲ್ಲಿ ಕುಳಿತಿದ್ದ ಅತ್ತಿಗೆ ಅಡುಗೆಮನೆಯತ್ತ ತಲೆ ಹಾಕಲಿಲ್ಲ. ಮೀನು ಹಾಳಾಗಿದೆಯೆಂದು ನನಗೆ ಗೊತ್ತೇ ಆಗಲಿಲ್ಲ. ಹುಡುಗನ ತಾಯಿ ಮೊದಲ ತುತ್ತಿಗೇ ಬಟ್ಟಲು ದೂರ ತಳ್ಳಿದರು.

"ನಿನಗೆ ಮೂಗು ಇಲ್ವಾ ಮಾರಾಯ್ತಿ?" ಅತ್ತಿಗೆ ಎಲ್ಲರೆದುರು ಎದ್ದು ನಿಂತರು. "ಈ ಮೀನು ನಾರ್ತಾ ಉಂಟಲ್ಲ! ನನ್ನ ಮಗಳಿಗೆ ಒಳ್ಳೆ ಸಂಬಂಧ ಬಂದದ್ದು ನಿನಗೆ ಸಹಿಸ್ಲಿಕ್ಕೆ ಆಗ್ಲಿಲ್ಲ. ಬೇಕಂತಲೇ ಮಾಡಿದ್ದು ನೀನು."

ತಿಂಗಳುಗಟ್ಟಲೆ ತಲೆನೋವಿನಲ್ಲಿ ನರಳಿದ್ದೆ. ಅದನ್ನೂ ಅವರು ನಾಟಕವೆಂದು ಊರಿಗೆಲ್ಲ ಸಾರಿದ್ದರು. ನಾನು ಸೌಟು ಕೆಳಗಿಟ್ಟೆ. "ಇಷ್ಟು ವರ್ಷ ನಿಮಗೆ ಬಿಟ್ಟಿ ಚಾಕರಿ ಮಾಡಿದೆ, ಸಾಕು. ಅತ್ತಿಗೆ, ಇನ್ನು ನೀವು ಈ ಮನೆಯ ಮೆಟ್ಟಿಲು ಹತ್ತಬೇಡಿ," ಎಂದೆ. ಸ್ವರ ಏರಿಸಲಿಲ್ಲ. ಅಷ್ಟು ಚೆನ್ನಾಗಿ ನಾನು ಜೀವನದಲ್ಲಿ ಇನ್ಯಾವತ್ತೂ ಮಾತಾಡಿಲ್ಲ.

ಕರ್ಪೂರವೂ ಫಿನಾಯಿಲೂ ನನ್ನ ಮೂಗಿಗೆ ಒಂದೇ ಎಂದು ಆಮೇಲೆ ನನಗೇ ಹೊಳೆಯಿತು. ಸ್ಕ್ಯಾನ್ ಮಾಡಿದಾಗ ತಲೆಯೊಳಗೆ, ಮೂಗಿನ ಮೇಲ್ಗಡೆ ಹಣೆಯ ಹಿಂದೆ ಒಂದು ಗಡ್ಡೆ ಕಾಣಿಸಿತು. ಹೆಸರು ಮೆನಿಂಜಿಯೋಮಾ. ಮೆದುಳಿನಲ್ಲಲ್ಲ, ಮೆದುಳನ್ನು ಸುತ್ತಿದ ಪೊರೆಯಲ್ಲಿ ಹುಟ್ಟುವಂಥದ್ದು. ವಾಸನೆಯ ನರಗಳನ್ನು ಒತ್ತಿ ಹಿಡಿದಿತ್ತು. ಆಪರೇಷನ್ ಮಾಡಿ ತೆಗೆದರು.

ಆಗಲೇ ಅತ್ತಿಗೆ ಎಳನೀರು ಹಿಡಿದು ವಾರ್ಡಿಗೆ ಬಂದದ್ದು. "ಪಾಪ, ಆ ದಿನ ನೀನು ಮಾತಾಡಿದ್ದಲ್ಲ, ಗಡ್ಡೆ ಮಾತಾಡಿದ್ದು. ನಾನು ಮನಸ್ಸಲ್ಲಿ ಇಟ್ಟುಕೊಳ್ಳುದಿಲ್ಲ. ಮಗಳಿಗೆ ಬೇರೆ ಕಡೆ ಕೂಡಿ ಬಂತು. ನೀನು ಹುಷಾರಾದ ಮೇಲೆ ನಿಶ್ಚಿತಾರ್ಥ ನಿಮ್ಮಲ್ಲೇ ಮಾಡುವ, ಅಲ್ವಾ?" ಗಂಡ ತಲೆಯಾಡಿಸಿದರು. ನನ್ನ ಮೈಯೆಲ್ಲ ಉರಿದುಹೋಯಿತು. ನಾನು ಆಡಿದ ಒಂದೇ ಒಂದು ಗಟ್ಟಿ ಮಾತನ್ನು ಇವರು ಒಂದು ಮಾಂಸದ ಮುದ್ದೆಯ ಹೆಸರಿಗೆ ಬರೆದುಕೊಟ್ಟಿದ್ದರು.

ಹೊಲಿಗೆ ಬಿಚ್ಚುವ ದಿನ ಡಾಕ್ಟರು ಲ್ಯಾಬಿನ ಫಲಿತಾಂಶ ವಿವರಿಸಿದರು. ಈ ಗಡ್ಡೆಗೆ ಮೂರು ಗ್ರೇಡ್. ತೆಗೆದ ತುಂಡನ್ನು ತೆಳ್ಳಗೆ ಸೀಳಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಒಡೆದು ಎರಡಾಗುತ್ತಿರುವ ಕೋಶಗಳು ಹೆಚ್ಚಿದ್ದರೆ ಎರಡನೇ ಗ್ರೇಡ್, ವಿಪರೀತವಿದ್ದರೆ ಮೂರು. ಕೋಶಗಳು ಎಷ್ಟೇ ಸಾಧುವಾಗಿದ್ದರೂ ಗಡ್ಡೆ ಮೆದುಳಿನೊಳಗೆ ನುಗ್ಗಿದ್ದರೆ ಎರಡಕ್ಕೆ ಏರಿಸುತ್ತಾರೆ. ಕೆಲವೊಮ್ಮೆ ಜೀನ್ ಪರೀಕ್ಷೆಯೂ ಗ್ರೇಡನ್ನು ಬದಲಿಸುತ್ತದೆ.

"ನಿಮ್ಮದು ಒಂದನೇ ಗ್ರೇಡ್. ಮೆದುಳಿನೊಳಗೆ ನುಗ್ಗಿಲ್ಲ. ರೇಡಿಯೇಶನ್ ಬೇಡ, ಆಗಾಗ ಸ್ಕ್ಯಾನ್ ಸಾಕು," ಎಂದರು. ಗಂಡ ಕಣ್ಣೊರೆಸಿಕೊಂಡರು. ನನ್ನ ಕಿವಿಯಲ್ಲಿ ಉಳಿದದ್ದು 'ನುಗ್ಗಿಲ್ಲ' ಎಂಬುದೊಂದೇ.

"ಹಾಗಾದ್ರೆ ನನ್ನ ಸಿಟ್ಟು?" ಎಂದು ಕೇಳಿದೆ.

"ನುಗ್ಗದಿದ್ದರೂ ಹೊರಗಿಂದ ಒತ್ತಿದರೆ ಸ್ವಭಾವ ಬದಲಾಗ್ಬಹುದು. ಯಾವ ಸಿಟ್ಟು ಗಡ್ಡೆಯದ್ದು, ಯಾವುದು ನಿಮ್ಮದು ಅಂತ ಹೇಳುವ ಟೆಸ್ಟ್ ನಮ್ಮಲ್ಲಿ ಇಲ್ಲ," ಎಂದು ಅವರು ನಕ್ಕರು.

ಕಾಪುವಿಗೆ ಹೋಗಬೇಕಿದ್ದ ಕಾರನ್ನು ನಾನು ಗಂಡನಿಗೆ ಹೇಳಿ ಕಾರ್ಕಳಕ್ಕೆ ತಿರುಗಿಸಿದೆ. ಅತ್ತಿಗೆಯ ಜಗಲಿಯಲ್ಲಿ ಹೊಸ ಬೀಗರು ಕುಳಿತಿದ್ದರು. ಸುಳ್ಳು ಯಾಕೆ, ಅವರನ್ನು ಕಂಡು ನನಗೆ ಖುಷಿಯೇ ಆಯಿತು.

"ಅತ್ತಿಗೆ, ರಿಪೋರ್ಟ್ ಬಂತು. ಗಡ್ಡೆ ನನ್ನ ಮೆದುಳಿನೊಳಗೆ ಹೋಗಲೇ ಇಲ್ಲವಂತೆ. ಆ ದಿನ ಮಾತಾಡಿದ್ದು ನಾನೇ. ನಿಶ್ಚಿತಾರ್ಥಕ್ಕೆ ಬೇರೆ ಜಾಗ ನೋಡಿ," ಎಂದೆ.

ಅವರ ಮುಖ ಕಪ್ಪಿಟ್ಟಿತು. ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ನಿಧಾನವಾಗಿ ಕಾರಿಗೆ ಮರಳಿದೆ.

ಬೆಳ್ಮಣ್ ದಾಟುತ್ತಲೇ ಗಂಡ ಕಾರಿನ ವೇಗ ತಗ್ಗಿಸಿದರು. ಆಮೇಲೆ, "ಒತ್ತಿದರೂ ಸಿಟ್ಟು ಬರ್ಬಹುದು ಅಂತ ಡಾಕ್ಟ್ರು ಹೇಳಿದ್ರಲ್ಲ. ಅದನ್ನು ಯಾಕೆ ಹೇಳ್ಲಿಲ್ಲ ನೀನು?" ಎಂದರು.

"ಒತ್ಲಿಕ್ಕೆ ಈಗ ಗಡ್ಡೆ ಇಲ್ಲ," ಎಂದೆ. "ಸಿಟ್ಟು ಉಂಟು."