ಪಾಟಿ ಕಡೆ ನೋಡು

ವಿದ್ಯೆ ಕಲಿಸಲು ಕೂರುವವನಲ್ಲಿ ಜ್ಞಾನ, ತಾಳ್ಮೆ, ವಾತ್ಸಲ್ಯ ಎಂಬ ಮೂರು ಗುಣಗಳು ಅವಶ್ಯವಾಗಿ ಇರತಕ್ಕದ್ದು. ನನ್ನಲ್ಲಿ ಇದ್ದದ್ದು ಒಂದು ಸೀಟಿ. ಹೊಸಪೇಟೆ–ಕಂಪ್ಲಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿದ್ದು ನಿವೃತ್ತನಾದಾಗ ಮನೆಗೆ ತಂದ ಏಕೈಕ ಚರಾಸ್ತಿ ಅದು.

ಮೊಮ್ಮಗಳಿಗೆ ಮೂರು ತುಂಬಿ, ಒಂದು ದೊಡ್ಡ ಜ್ವರವೂ ಬಂದು ಹೋದ ಮೇಲೆ, ಕಮಲಾಪುರದ ನಮ್ಮ ಮನೆಯಲ್ಲಿ ಪಾಠ ಶುರುವಾಯಿತು. ಮಗಳು ಹೊಸಪೇಟೆಯ ಬಟ್ಟೆ ಅಂಗಡಿಯ ಕೆಲಸಕ್ಕೆ ಹೋಗುತ್ತಿದ್ದಳು. ಶಿಕ್ಷಣ ಖಾತೆಯನ್ನು ನನಗೆ ವಹಿಸಲಾಯಿತು. ಪದ್ಧತಿ ನಮ್ಮಪ್ಪನದೇ: ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹಿಂದಿನಿಂದ ಕೈ ಹಿಡಿದು ಪಾಟಿಯ ಮೇಲೆ ತಿದ್ದಿಸುವುದು. ಸುಧಾರಣೆ ಮಾತ್ರ ನನ್ನದು. ಬಸ್ಸಿನಲ್ಲಿ ಕೂಗಿದ್ದು ಸಾಕು, ಮಗುವಿಗೆ ಮೆತ್ತಗೆ, ಕಿವಿಯ ಹತ್ತಿರವೇ ಹೇಳಬೇಕೆಂದು ತೀರ್ಮಾನಿಸಿದ್ದೆ.

ಕೈ ಹಿಡಿದಿರುವಷ್ಟು ಹೊತ್ತು ಅಕ್ಷರ ಅಚ್ಚುಕಟ್ಟಾಗಿ ಮೂಡುತ್ತಿತ್ತು. ಕೈ ಬಿಟ್ಟು "ಈಗ ನೀನ ಬರಿ" ಎಂದರೆ ಸುಮ್ಮನೆ ಕೂರುವಳು. ಇಲ್ಲವೇ ಕತ್ತು ತಿರುಗಿಸಿ ನನ್ನನ್ನೇ ನೋಡುವಳು.

"ನನ್ ಮಾರ್ಯಾಗ ಏನ್ ಬರ್ದೈತವ್ವಾ? ಪಾಟಿ ಕಡೆ ನೋಡು" ಎಂದು ಗದ್ದ ಹಿಡಿದು ಮತ್ತೆ ಮುಂದಕ್ಕೆ ತಿರುಗಿಸುತ್ತಿದ್ದೆ.

ಎದುರಿಗೆ ಶೇಂಗಾ ಸುಲಿಯುತ್ತಾ ಕೂತ ನನ್ನ ಹೆಂಡತಿ ಅದನ್ನೇ ಹೇಳಿದರೆ ಮಗು ತಕ್ಷಣ ಬರೆಯುತ್ತಿತ್ತು. ಇದು ಕಣ್ಸನ್ನೆಯ ವ್ಯವಹಾರ ಎಂದು ತನಿಖೆಯಿಲ್ಲದೆ ತೀರ್ಪು ಕೊಟ್ಟೆ.

"ಹೇಳ್ಕೊಡಬ್ಯಾಡ. ಟಿಕೇಟಿಲ್ದೋರನ್ನ ನಾ ಭಾಳ ಮಂದಿ ಹಿಡ್ದೀನಿ."

"ಹಿಡೀರಿ, ಹಿಡೀರಿ. ನಿಮಗ ಕಲಿಸಾಕ ಬರಂಗಿಲ್ಲ, ಅದಕ್ಕ ನನ್ ಮ್ಯಾಲ ಹಾಕ್ತೀರಿ!"

ಪಾಠದ ವೇಳೆ ಅವಳು ಅಡುಗೆಮನೆಯಲ್ಲಿರತಕ್ಕದ್ದೆಂದು ಆದೇಶವಾಯಿತು. ಹೀಗೆ ಎರಡು ವರ್ಷ. ಮಗಳು ಕೇಳಿದಾಗಲೆಲ್ಲ "ಹಟಮಾರಿ ಐತವ್ವ ನಿನ್ ಕೂಸು" ಎಂದು ವರದಿ ಒಪ್ಪಿಸಿದೆ. ಒಂದು ದಿನ ಸಿಟ್ಟು ಬಂದು ಮೊಮ್ಮಗಳ ಬಲಗಿವಿ ಹಿಂಡಿದೆ. ಅತ್ತಳು. ಅಳುವಾಗಲೂ ನನ್ನ ಮುಖವನ್ನೇ ನೋಡಿದಳು.

ಪಾಠಕ್ಕೆ ಕರೆಯಲು ಎದುರಿಗೆ ನಿಂತು ಸೀಟಿ ಊದುವುದು ವಾಡಿಕೆ. ನನ್ನ ಕೆನ್ನೆ ಉಬ್ಬಿದ್ದೇ ತಡ, ನಗುತ್ತಾ ಓಡಿ ಬರುತ್ತಿದ್ದಳು. ಆ ದಿನ ಕಟ್ಟೆಯ ಮೇಲೆ ನನಗೆ ಬೆನ್ನು ಮಾಡಿ ಇರುವೆ ನೋಡುತ್ತಾ ಕೂತಿದ್ದಳು. ನಾನು ಅವಳ ಹಿಂದೆ ಬಾಗಿಲಲ್ಲೇ ನಿಂತು ಊದಿದೆ. ಪಕ್ಕದ ಮನೆಯ ಮೇಕೆ ಹಗ್ಗ ಕಿತ್ತುಕೊಂಡು ಓಡಿತು. ದಾರಿಯಲ್ಲಿ ಹೋಗುತ್ತಿದ್ದ ಆಟೋದವನು ಬ್ರೇಕ್ ಹಾಕಿ ಬೈದ. ಅವಳು ಇರುವೆ ನೋಡುತ್ತಲೇ ಇದ್ದಳು.

ಇನ್ನೊಮ್ಮೆ ಊದಿದೆ. ಹೆಂಡತಿ ಒಳಗಿಂದ ಬಂದು ನಿಂತಳು. "ರೀ... ಕೂಸು ತಿರುಗ್ಲಿಲ್ರೀ" ಎಂದಳು.

ನಾನು ಸುತ್ತಿ ಹೋಗಿ ಮಗುವಿನ ಎದುರು ಕುಕ್ಕರಗಾಲಲ್ಲಿ ಕೂತೆ. ನನ್ನನ್ನು ಕಂಡು ನಕ್ಕು, "ತಾತಾ, ಪಾಟಿ ತರ್ಲಾ?" ಎಂದು ಕೇಳಿದಳು.

ಬಳ್ಳಾರಿಯ ಡಾಕ್ಟರು ಪರೀಕ್ಷೆ ಮಾಡಿ, ಆ ಜ್ವರದಲ್ಲೇ ಕಿವಿ ಹೋಗಿರಬೇಕು, ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಾಳೆ ಎಂದರು. "ಇಷ್ಟ್ ದಿನ ಮನ್ಯಾಗ ಯಾರಿಗೂ ಗೊತ್ತಾಗ್ಲಿಲ್ಲೇನ್ರಿ?" ಎಂದೂ ಕೇಳಿದರು. ಮದುವೆಯಾದಾಗಿನಿಂದ ನನ್ನನ್ನು ಚುಚ್ಚದ ದಿನವಿಲ್ಲದ ಹೆಂಡತಿ ಗೋಡೆ ನೋಡುತ್ತಾ ಸುಮ್ಮನಿದ್ದಳು. ಅವಳು ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ಮೊಮ್ಮಗಳಿಗೆ ಈಗ ಆರು ವರ್ಷ. ಎರಡೂ ಕಿವಿಗೆ ಮಷೀನು ಹಾಕಿದ್ದಾರೆ. ಎಡಗಿವಿ ಸ್ವಲ್ಪ ಕೇಳುತ್ತದೆ, ಬಲಗಿವಿ ಕೇಳುವುದಿಲ್ಲ. ಪಾಠವನ್ನು ನನ್ನ ಹೆಂಡತಿ ಎದುರಿಗೆ ಕೂತು ಹೇಳಿಕೊಡುತ್ತಾಳೆ.