ಹಳದಿ ಬಟ್ಟೆ ಕಟ್ಟಿದ ಬಿಳಿಜಾಲಿ

ಧರ್ಮಪುರಿ ಕಡೆಯ ನಮ್ಮೂರ ಕೆರೆಗೆ ಜೆಸಿಬಿ ಬರುತ್ತದೆಂದು ಚಿಕ್ಕವ್ವ ಫೋನು ಮಾಡಿದಾಗ ನಾನು ಸೇಲಂನ ಮನೆಯಲ್ಲಿ ಮಕ್ಕಳ ವಿಜ್ಞಾನದ ಪೇಪರು ತಿದ್ದುತ್ತಿದ್ದೆ. ಸೀಮೆಜಾಲಿ ಕೀಳುವ ಕೆಲಸ. ಕೀಳಲಿ, ನನಗೆ ಖುಷಿಯೇ. ಎಲ್ಲಿಂದಲೋ ಬಂದು ಕೆರೆಯನ್ನೇ ನುಂಗಿದ ಮರ ಅದು. ಆದರೆ ಏರಿಯ ಆಚೆ ನಿಂತಿದ್ದ ಬಿಳಿಜಾಲಿಗೂ ಕೆಂಪು ಗುರುತು ಬಳಿದಿದ್ದರು. ಬೇಸಿಗೆಯಲ್ಲಿ ಹುಲ್ಲುಕಡ್ಡಿಯೂ ಇಲ್ಲದಾಗ ಚಿಕ್ಕವ್ವನ ಆಡುಗಳ ಜೀವ ಉಳಿಸುತ್ತಿದ್ದುದೇ ಅದರ ಕಾಯಿ.

"ನೀ ಓದಿರೋಳು, ಬಂದು ಯೋಳು. ನಾ ಯೋಳುದ್ರೆ ಯಾರ್ ಕೇಳ್ತಾರೆ?" ಎಂದಳು.

ಮರುದಿನ ಮೊದಲ ಬಸ್ಸಿಗೇ ಹೋದೆ. ಕೆಲಸದ ಸೂಪರ್‌ವೈಸರ್ ತಮಿಳಿನಲ್ಲಿ, "ಎಲ್ಲಾಮೇ ಮುಳ್ಳು ಮರಂದಾನೇ, ಮೇಡಂ" ಎಂದು ನಕ್ಕ. ಎಲ್ಲ ಮುಳ್ಳಿನ ಮರವೂ ಒಂದೇ ಅಂತೆ! ಪಿತ್ತ ನೆತ್ತಿಗೇರಿತು. ಅವನನ್ನು ಬಿಸಿಲಲ್ಲೇ ನಿಲ್ಲಿಸಿಕೊಂಡು ಪಾಠ ಶುರುಮಾಡಿದೆ. ಸೀಮೆಜಾಲಿಯ ಹೂವು ಇಲಿಬಾಲದ ಹಾಗೆ ಉದ್ದ. ಇದರದು ಕೊಂಬೆಯ ತುದಿಯಲ್ಲಿ ಗೊಂಚಲುಗೊಂಚಲಾಗಿ ಮಾಸಲು ಬಿಳಿಯ ಪುಟ್ಟ ಉಂಡೆ. ಅದು ಬುಡದಿಂದಲೇ ಪೊದೆಯಾಗಿ ಹರಡಿಕೊಂಡಿದೆ, ಇದಕ್ಕೆ ನೆಟ್ಟಗಿನ ಕಾಂಡ, ಬಿಳಿಚಿದ ತೊಗಟೆ. ಕೆರೆಯ ಹೊಟ್ಟೆಯಲ್ಲಿ ಇದು ಒಂದೂ ಇಲ್ಲ, ಒಣ ಕಲ್ಲುನೆಲವೇ ಇದರ ಮನೆ. ಅಷ್ಟೂ ಕೇಳಿದ ಮೇಲೆ ಅವನಿಗೂ ವೆಳ್ವೇಲಂ ಎಂಬ ತಮಿಳು ಹೆಸರು ನೆನಪಾಯಿತು. ಒಪ್ಪಿದ. ಆದರೆ ಡ್ರೈವರ್ ಹೂವು ನೋಡುತ್ತಾ ನಿಲ್ಲುವುದಿಲ್ಲ, ಎದ್ದು ಕಾಣುವಂಥದ್ದು ಏನಾದರೂ ಕಟ್ಟಿ ಎಂದ.

ಚಿಕ್ಕವ್ವ ಮನೆಗೆ ಓಡಿ, ಹಳೆಯ ಪಂಚೆಯನ್ನು ಅರಿಶಿನದ ನೀರಿಗೆ ಅದ್ದಿ ತಂದು ಮರಕ್ಕೆ ಸುತ್ತಿದಳು. ಅರಿಶಿನ ಚೆನ್ನಾಗಿಯೇ ಎದ್ದು ಕಂಡಿತು. ಡ್ರೈವರ್ ಕೆಳಗಿಳಿದು, ಚಪ್ಪಲಿ ಬಿಟ್ಟು ಕೈಮುಗಿದು, ಗಾಡಿಯನ್ನು ಸುತ್ತಿ ಬಳಸಿ ಒಯ್ದ. ನಾವಿಬ್ಬರೂ ನಕ್ಕಿದ್ದೇ ನಕ್ಕಿದ್ದು.

ಮುಂದಿನ ಮಂಗಳವಾರ ಮರದ ಬುಡದಲ್ಲಿ ನಿಂಬೆಹಣ್ಣಿತ್ತಂತೆ. ಆಮೇಲೆ ಕುಂಕುಮ, ಬಳೆ, ದೀಪ. ಬೇಸಿಗೆಯಲ್ಲಿ ಕಾಯಿ ಬಲಿತಾಗ ಚಿಕ್ಕವ್ವ ದೋಟಿ ಹಿಡಿದು ಹೋದರೆ ಪಕ್ಕದ ಬೀದಿಯ ಅಕ್ಕ ಅಡ್ಡ ನಿಂತಳು. "ಅಮ್ಮನ್ ಮರಕ್ಕೆ ಕೊಕ್ಕೆ ಆಕ್ತೀಯಾ?" ಆಡುಗಳ ಪಕ್ಕೆಲುಬು ಕಾಣತೊಡಗಿತು. ಉದುರಿದ ನಾಲ್ಕು ಕಾಯಿಗಾಗಿ ಚಿಕ್ಕವ್ವ ದಿನವೂ ಬುಡ ಗುಡಿಸುತ್ತಿದ್ದಳು. ಊರವರು ಅದನ್ನು ಭಕ್ತಿ ಎಂದುಕೊಂಡರು.

ಬೇಸಿಗೆ ರಜೆಗೆ ಹೋದಾಗ ಅವಳ ಜೊತೆ ನಾನೂ ಅಲ್ಲಿಗೆ ಹೋದೆ. ಆಡುಗಳು ಹಿಂದೆಯೇ ಬಂದವು. ಅಂದು ಪೂಜೆಗೆ ಹೆಂಗಸರು ಸೇರಿದ್ದರು. ಒಂದು ಮರಿ ಹಿಂಗಾಲ ಮೇಲೆ ನಿಂತು ಕೊಂಬೆಗೆ ಬಾಯಿ ಹಾಕಿತು. ಪಕ್ಕದ ಬೀದಿಯ ಅಕ್ಕ ಅದನ್ನು ದಿಟ್ಟಿಸಿ, "ಈ ಮರಿ ಅಮ್ಮನಿಗೆ ಬುಟ್ಟಿರೋದಾ? ಯಾವಾಗ ಕಡೀತೀಯಾ?" ಎಂದಳು.

ಚಿಕ್ಕವ್ವ ಆ ಮರಿಯನ್ನು ರಾತ್ರಿ ಮಗ್ಗುಲಲ್ಲೇ ಮಲಗಿಸಿಕೊಳ್ಳುವವಳು. ಅವಳು ಮರವನ್ನೂ ನನ್ನನ್ನೂ ಒಮ್ಮೆ ನೋಡಿದಳು.

"ಈ ಅಮ್ಮ ಸೈವ ಕಣಕ್ಕ," ಎಂದಳು. "ನೆತ್ರ ಮುಟ್ಟಕ್ಕಿಲ್ಲ. ಕಾಯೇ ಊಟ. ಅದೂ ಆಡಿನ್ ಬಾಯಾಗೇ ಉಣ್ಣೋದು. ಈ ಬ್ಯಾಸ್ಗೆ ಎಲ್ಲಾ ಉಪಾಸ ಕೆಡವಿದ್ದೀರಾ ಅವಳ್ನ!"

ಹೆಂಗಸರು ಗಾಬರಿಯಾಗಿ ಕೆನ್ನೆ ಬಡಿದುಕೊಂಡರು. ಚಿಕ್ಕವ್ವ ಮನೆಗೆ ಹೋಗಿ ದೋಟಿ ತಂದಳು. ಅವಳ ಕೈಯಿಂದ ಅದನ್ನು ಕಿತ್ತುಕೊಂಡು ಮೊದಲ ಕೊಂಬೆಗೆ ಕೊಕ್ಕೆ ಹಾಕಿದವಳು ಪಕ್ಕದ ಬೀದಿಯ ಅಕ್ಕನೇ.